ಪ್ರಾರ್ಥನೆಯಿಂದ ಏಳುವಾಗ ಒಂದು ಹೆಸರು

ಓದುಗರ ಪ್ರಶ್ನೆ: ಮೇಡಂ, ನನಗೆ 31 ವರ್ಷ. ಊರು ಕೊಳ್ಳೇಗಾಲದ ಕಡೆ. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಪಿಜಿಯಲ್ಲಿ ಇದ್ದೇನೆ. ಹುಟ್ಟಿನಿಂದ ಕಥೋಲಿಕ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಆದರೆ ನನ್ನ ವಿಶ್ವಾಸ ಹತ್ತನೇ ಕ್ಲಾಸಿನಲ್ಲಿ ಎಲ್ಲಿತ್ತೋ ಅಲ್ಲೇ ನಿಂತಿದೆ. ಪ್ರಾರ್ಥನೆಗೆ ಕೂತರೆ ಐದು ನಿಮಿಷಕ್ಕೆ ಕೈ ಮೊಬೈಲಿಗೆ ಹೋಗುತ್ತದೆ. ಜಪಸರ ಹಿಡಿದರೆ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ. ಯುವಜನರ ಧ್ಯಾನಕೂಟದಲ್ಲಿ "ದಿನನಿತ್ಯದ ಬದುಕಿನಲ್ಲಿ ಕ್ರಿಸ್ತನಿಗೆ ಸಾಕ್ಷಿಯಾಗಿ" ಅಂದರು. ಆಫೀಸಿನಲ್ಲಿ ನಾನು ಕ್ರೈಸ್ತ ಅನ್ನುವುದು ನನ್ನ ಹೆಸರಿನಿಂದ, ಕ್ರಿಸ್‌ಮಸ್ ಕೇಕಿನಿಂದ ಮಾತ್ರ ಗೊತ್ತು. ಜಾಸ್ತಿ ಮಾತಾಡಿದರೆ ಮತಾಂತರಕ್ಕೆ ಬಂದ ಅಂದುಕೊಳ್ಳುತ್ತಾರೆ ಅಂತ ಭಯ. ಸುಮ್ಮನಿದ್ದರೆ ಹೇಡಿ ಅನ್ನಿಸುತ್ತದೆ. ಇದರ ಜೊತೆಗೆ ನಮ್ಮ ಮ್ಯಾನೇಜರ್ ಆಗಾಗ ಬಿಲ್ಲು "ಸ್ವಲ್ಪ ಅಡ್ಜಸ್ಟ್ ಮಾಡು" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಸಣ್ಣ ವಿಷಯ. ತೀರಿಹೋದ ಅಜ್ಜಿಯ ಜಪಸರ ನನ್ನ ಹತ್ತಿರ ಇದೆ. ಕೊಂಡಿ ಕಿತ್ತು ಎರಡು ತುಂಡಾಗಿದೆ. ಅದನ್ನು ಏನು ಮಾಡಬೇಕು?

ಉತ್ತರ:

ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಾರ್ಥನೆಯ ಕಷ್ಟವನ್ನು ಒಂದು ಕಡೆ ಬರೆದಿದ್ದೀರಿ, ಆಫೀಸಿನ ಕಷ್ಟವನ್ನು ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಮದ್ದು ಕೇಳುತ್ತಿದ್ದೀರಿ. ನನಗೆ ಕಾಣುವ ಮಟ್ಟಿಗೆ ಕಾಯಿಲೆ ಒಂದೇ. ಪ್ರಾರ್ಥನೆ ಮುಗಿದ ಮೇಲೆ ಅದು ಎಲ್ಲಿಗೂ ಹೋಗುತ್ತಿಲ್ಲ, ಅದಕ್ಕೇ ಬೇಜಾರು. ಆಫೀಸಿನಲ್ಲಿ ಮಾಡುವುದಕ್ಕೆ ಹಿಂದೆ ಬೇರಿಲ್ಲ, ಅದಕ್ಕೇ ಭಯ.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಶಾಲೆಯಲ್ಲಿ ಟೀಚರ್ ಆಗಿದ್ದೆ. ಭಾನುವಾರ ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ, ಮೂವತ್ತು ವರ್ಷಕ್ಕೂ ಜಾಸ್ತಿ. ಆ ಮೂವತ್ತರಲ್ಲಿ ಮೂರು ವರ್ಷ ನಾನು ನನ್ನ ಓರಗಿತ್ತಿಯ ಹತ್ತಿರ ಮಾತು ಬಿಟ್ಟಿದ್ದೆ. ಕಾರಣ ಹಿತ್ತಲ ಗೋಡೆ. ಒಂದೂವರೆ ಅಡಿ ಜಾಗ. ಆ ಮೂರು ವರ್ಷವೂ ದಿನಾ ಜಪಸರ ಹೇಳಿದೆ, ಒಂದು ದಿನ ತಪ್ಪಿಸಲಿಲ್ಲ. ಒಂದು ಭಾನುವಾರ ಬೈಬಲಿನ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯ ಪಾಠ ಮಾಡುತ್ತಿದ್ದೆ. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುವ ಮಾತು. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ನೀವು ಯಾರ ಹತ್ರಾನಾದ್ರೂ ಮಾತು ಬಿಟ್ಟಿದ್ದೀರಾ?" ನಾನು ಬೋರ್ಡಿನ ಕಡೆ ತಿರುಗಿಕೊಂಡು "ಮುಂದಿನ ವಾಕ್ಯ ಓದಿ" ಅಂದೆ.

ಆ ಸಂಜೆ ಜಪಸರ ಮುಂದಕ್ಕೆ ಹೋಗಲಿಲ್ಲ. ಪ್ರತಿ ಮಣಿಗೂ ಅವಳ ಮುಖ. ವಾರ ಕಳೆದು ಒಬ್ಬಟ್ಟು ಮಾಡಿ ತಗೊಂಡು ಹೋದೆ. ಅವಳು ಡಬ್ಬಿ ಇಸಕೊಂಡಳು, ಒಂದು ಮಾತೂ ಆಡಲಿಲ್ಲ, ಬಾಗಿಲು ಹಾಕಿದಳು. ಡಬ್ಬಿ ವಾಪಸ್ ಬರುವುದಕ್ಕೆ ಆರು ತಿಂಗಳು ಹಿಡಿಯಿತು. ಗೋಡೆ ಇವತ್ತಿಗೂ ಅಲ್ಲೇ ಇದೆ, ಮಾತು ಮಾತ್ರ ಇದೆ ಈಗ.

ಅವತ್ತಿನಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ಈಗ ಧ್ಯಾನಕೂಟಗಳಲ್ಲಿ ಪ್ರಾರ್ಥನೆ ಕಲಿಸುವಾಗಲೂ ಇದನ್ನೇ ಮೊದಲು ಹೇಳುತ್ತೇನೆ. ಪ್ರಾರ್ಥನೆಯಿಂದ ಏಳುವಾಗ ಕೈಯಲ್ಲಿ ಒಂದು ಹೆಸರು ಇರಬೇಕು. ಇವತ್ತು ನಾನು ಎದುರಾಗುವ, ಅಥವಾ ಎದುರಾಗದೆ ತಪ್ಪಿಸಿಕೊಳ್ಳುತ್ತಿರುವ ಒಬ್ಬರ ಹೆಸರು. ಜಗತ್ತಿನ ಶಾಂತಿ, ಬಡವರ ಏಳಿಗೆ ಎಲ್ಲ ಸರಿ, ಅವಕ್ಕೂ ಪ್ರಾರ್ಥಿಸಿ. ಆದರೆ ಅವು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕೂರುವುದಿಲ್ಲ.

ಈಗ ಪ್ರಾರ್ಥನೆಗೆ ಬರೋಣ.

ಯೇಸು ಹೇಳಿದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ. ಅವರ ಕಾಲದಲ್ಲಿ ಪಿಜಿ ಇರಲಿಲ್ಲ. ಮೂರು ಮಂಚ, ಒಂದು ಫ್ಯಾನು, ಇನ್ನೊಬ್ಬರ ಅಲಾರಂ. ಹಾಗಾಗಿ ನಿಮ್ಮ ಕೋಣೆ ಎಲ್ಲಿ ಅಂತ ನೀವೇ ಹುಡುಕಬೇಕು. ಮಹಡಿ ಮೇಲಿನ ನೀರಿನ ಟ್ಯಾಂಕಿನ ಪಕ್ಕ ಆಗಬಹುದು. ಆಫೀಸಿಗೆ ಹೋಗುವ ದಾರಿಯಲ್ಲಿ ಚರ್ಚ್ ಇದ್ದರೆ ಕೊನೇ ಬೆಂಚು. ಅದೂ ಇಲ್ಲದಿದ್ದರೆ ಬಸ್ಸಿನ ಕಿಟಕಿ ಪಕ್ಕ. ಜಾಗಕ್ಕಿಂತ ಮುಖ್ಯ ಹೊತ್ತು. ದಿನಾ ಒಂದೇ ಹೊತ್ತು, ಹದಿನೈದು ನಿಮಿಷ, ಜಾಸ್ತಿ ಬೇಡ. ಒಂದು ಗಂಟೆ ಕೂರುತ್ತೇನೆ ಅಂತ ಹೊರಟ ಹುಡುಗರು ಮೂರನೇ ದಿನ ಮಾಯ ಆಗಿದ್ದನ್ನು ತುಂಬಾ ನೋಡಿದ್ದೇನೆ. ಮೊಬೈಲ್ ಬೇರೆ ಕಡೆ ಇಡಿ. ಬೈಬಲ್ ಮೊಬೈಲಿನಲ್ಲೇ ಇದೆ ಅನ್ನಬೇಡಿ. ಪುಸ್ತಕ ಕೊಂಡುಕೊಳ್ಳಿ, ಅದಕ್ಕೆ ನೋಟಿಫಿಕೇಶನ್ ಬರುವುದಿಲ್ಲ.

ಆ ಹದಿನೈದು ನಿಮಿಷದಲ್ಲಿ ಏನು ಮಾಡುವುದು? ಆ ದಿನದ ಪೂಜೆಯ ಶುಭಸಂದೇಶ ಓದಿ. ಪ್ರತಿ ದಿನಕ್ಕೂ ಒಂದು ಭಾಗವನ್ನು ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚ್, ಗೊತ್ತುಮಾಡಿದೆ. ನೀವು ಓದಿದ್ದನ್ನೇ ಅವತ್ತು ಜಗತ್ತಿನ ಬಹುತೇಕ ಕಡೆ ಓದುತ್ತಾರೆ. ನಿಮಗೆ ಇಷ್ಟವಾದ ಭಾಗ ಮಾತ್ರ ಆರಿಸಿಕೊಳ್ಳುವ ಕೆಟ್ಟ ಅಭ್ಯಾಸವೂ ತಪ್ಪುತ್ತದೆ. ಮೊದಲ ಸಲ ಕಥೆ ಗೊತ್ತಾಗಲಿಕ್ಕೆ ಓದಿ. ಎರಡನೇ ಸಲ ನಿಧಾನವಾಗಿ, ತುಟಿ ಆಡಿಸಿಕೊಂಡು. ಎಲ್ಲೋ ಒಂದು ಮಾತು ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ತಡೆಯುತ್ತದೆ. ಅಲ್ಲೇ ನಿಲ್ಲಿ. ಆ ಮಾತಿನ ಬಗ್ಗೆ ಯೇಸುವಿನ ಹತ್ತಿರ ನಿಮ್ಮ ಭಾಷೆಯಲ್ಲಿ ಮಾತಾಡಿ. ಪುಸ್ತಕದ ಭಾಷೆ ಬೇಡ, ನಿಮ್ಮ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತೀರಲ್ಲ, ಆ ಕನ್ನಡ ಸಾಕು. ಹದಿನಾರನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಹೇಳುವುದೂ ಅದನ್ನೇ. ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸುತ್ತಾನೆ ಅಂತ ಗೊತ್ತಿರುವವನ ಜೊತೆ ಒಂಟಿಯಾಗಿ ಕೂತು ಆಡುವ ಸ್ನೇಹದ ಮಾತು ಅಂತ. ಕೊನೇ ಎರಡು ನಿಮಿಷ ಸುಮ್ಮನೆ ಕೂರಿ. ಹೆಸರು ಸಾಮಾನ್ಯವಾಗಿ ಆವಾಗಲೇ ಬರುತ್ತದೆ.

ಬೇಜಾರಾಗುತ್ತದೆ ಅಂತ ಬರೆದಿದ್ದೀರಿ. ಅದೇ ತೆರೇಸಮ್ಮ ಒಂದು ಕಾಲದಲ್ಲಿ ಗಡಿಯಾರ ಯಾವಾಗ ಬಾರಿಸುತ್ತದೋ ಅಂತ ಕಾಯುತ್ತಾ ಪ್ರಾರ್ಥನೆಗೆ ಕೂರುತ್ತಿದ್ದೆ ಅಂತ ತಾವೇ ಬರೆದುಕೊಂಡಿದ್ದಾರೆ. ಅವರನ್ನು 1970ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಫ್ರಾನ್ಸಿನ ಲಿಸ್ಯೂ ಮಠದ ಸಿಸ್ಟರ್, ಸಂತ ಚಿಕ್ಕ ತೆರೇಸಾ ಪ್ರಾರ್ಥನೆಯಲ್ಲಿ ನಿದ್ದೆಯನ್ನೇ ಮಾಡುತ್ತಿದ್ದರು. ಅದಕ್ಕೆ ಅವರ ಸಮಾಧಾನ ಏನು ಗೊತ್ತಾ? ಮಕ್ಕಳು ಎಚ್ಚರವಾಗಿದ್ದರೂ ನಿದ್ದೆ ಮಾಡಿದರೂ ಅಪ್ಪ ಅಮ್ಮನಿಗೆ ಪ್ರೀತಿಯೇ ಅಂತ. ಇದನ್ನು ಹೇಳಿದ್ದು ನಿಮಗೆ ನಿದ್ದೆ ಮಾಡಲಿಕ್ಕೆ ಪರವಾನಗಿ ಕೊಡಲಿಕ್ಕಲ್ಲ. ಮನಸ್ಸಿಗೆ ಹಿತವಾಯಿತೋ ಇಲ್ಲವೋ ಅನ್ನುವುದು ಪ್ರಾರ್ಥನೆಯ ಅಳತೆ ಅಲ್ಲ ಅಂತ ತಿಳಿಯಲಿಕ್ಕೆ. ಯೇಸುಸಭೆ ಕಟ್ಟಿದ ಸಂತ ಇಗ್ನಾಸಿಯವರು ಇನ್ನೂ ಬಿಗಿ. ಒಣಗಿದ ಹಾಗೆ ಅನ್ನಿಸಿದ ದಿನ, ಗೊತ್ತುಮಾಡಿದ ಹೊತ್ತಿಗಿಂತ ಸ್ವಲ್ಪ ಜಾಸ್ತಿಯೇ ಕೂರು ಅನ್ನುತ್ತಾರೆ. ಅಂಥ ದಿನಗಳಲ್ಲಿ ಮೊದಲಿನ ನಿರ್ಧಾರ ಬದಲಾಯಿಸಬೇಡ ಅಂತಲೂ ಹೇಳುತ್ತಾರೆ. ಹದಿನೈದಕ್ಕೆ ಕೂತು ಎದ್ದೇಳಬೇಕು ಅನ್ನಿಸಿದರೆ ಹದಿನಾರಕ್ಕೆ ಏಳಿ. ಹಟಮಾರಿ ಹಸುವಿನ ಜೊತೆ ನಾವೂ ಸ್ವಲ್ಪ ಹಟ ಹಿಡಿಯಬೇಕಾಗುತ್ತದೆ, ಅಲ್ವಾ?

ಜಪಸರ. ಐವತ್ತಮೂರು "ನಮೋ ಮರಿಯಾ" ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ಬಾಯಿ ನೋಯುತ್ತದೆ, ಅಷ್ಟೇ. ನಿಮ್ಮ ಅಜ್ಜಿ ಹೇಗೆ ಹೇಳುತ್ತಿದ್ದರು ನೆನಪಿಸಿಕೊಳ್ಳಿ. ನಮ್ಮ ಕಡೆ ಅಜ್ಜಿಯರು ಪ್ರತಿ ಹತ್ತು ಮಣಿಗೂ ಮುಂಚೆ ಒಬ್ಬರನ್ನು ಒಪ್ಪಿಸುತ್ತಿದ್ದರು. ಇದು ಬಾಣಂತಿ ಮಗಳಿಗೆ, ಇದು ಮಳೆಗೆ, ಇದು ಕುಡಿದು ಬರುವ ಮಗನಿಗೆ. ಆ ಮಗ ಅಲ್ಲೇ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ, ಅದು ಬೇರೆ ಮಾತು. ಪ್ರತಿ ಹತ್ತು ಮಣಿಗೂ ಯೇಸು, ಮರಿಯಮ್ಮನವರ ಬದುಕಿನ ಒಂದು ಘಟನೆ ಧ್ಯಾನಿಸುತ್ತೇವಲ್ಲ, ಅದೇ ರಹಸ್ಯ. ಐದು ರಹಸ್ಯ, ಐದು ಹೆಸರು. ಪೂರ್ತಿ ಹೇಳಲು ಇಪ್ಪತ್ತು ನಿಮಿಷ ಬೇಕು. ಆಗದ ದಿನ ಒಂದು ಹತ್ತು ಮಣಿ, ಒಂದು ರಹಸ್ಯ, ಒಂದು ಹೆಸರು. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು. ಗುರುವಾರ ಬೆಳಕಿನ ರಹಸ್ಯಗಳು. ಇವು ನಿಮ್ಮ ಅಜ್ಜಿಯ ಕಾಲದಲ್ಲಿ ಇರಲಿಲ್ಲ, 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದು. ಕಾನಾ ಊರಿನ ಮದುವೆಯ ಕಥೆ ಅದರಲ್ಲೇ ಬರುತ್ತದೆ. ಆಫೀಸಿನವರಿಗೆ ನಾನು ಅದನ್ನೇ ಹೇಳುತ್ತೇನೆ. ಮರಿಯಮ್ಮನವರು ಅಲ್ಲಿ ಪ್ರಸಂಗ ಮಾಡಲಿಲ್ಲ. ದ್ರಾಕ್ಷಾರಸ ಮುಗಿದುಹೋಗಿದೆ ಅಂತ ಎಲ್ಲರಿಗಿಂತ ಮೊದಲು ಗಮನಿಸಿದರು. ಪಕ್ಕದವರಿಗೆ ಏನು ಮುಗಿದುಹೋಗಿದೆ ಅಂತ ಗಮನಿಸುವುದೇ ಅರ್ಧ ಸಾಕ್ಷಿ.

ರಾತ್ರಿ ಮಲಗುವ ಮುಂಚೆ, ಅಥವಾ ವಾಪಸ್ ಬರುವ ಬಸ್ಸಿನಲ್ಲಿ, ಐದು ನಿಮಿಷ ಆತ್ಮಪರಿಶೋಧನೆ. ನಿಮಗೆ ಇದು ಬೇಗ ಒಗ್ಗುತ್ತದೆ, ಯಾಕೆಂದರೆ ದಿನದ ಕೊನೆಗೆ ಲೆಕ್ಕ ತಾಳೆ ನೋಡುವ ಕೆಲಸವೇ ನಿಮ್ಮದು. ಆದರೆ ತಪ್ಪಿನಿಂದ ಶುರು ಮಾಡಬೇಡಿ. ಇಗ್ನಾಸಿಯವರ ಕ್ರಮದಲ್ಲಿ ಮೊದಲು ಬರುವುದು ಕೃತಜ್ಞತೆ. ಆಮೇಲೆ ಬೆಳಕು ಕೇಳಿಕೊಳ್ಳುವುದು, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಗೆ ಒಂದು ನಿರ್ಧಾರ. ನಾನು ಇದಕ್ಕೆ ಸೇರಿಸುವುದು ಒಂದೇ ಪ್ರಶ್ನೆ. ಬೆಳಿಗ್ಗೆ ತೆಗೆದುಕೊಂಡು ಹೋದ ಆ ಹೆಸರು ಏನಾಯಿತು? ಮರೆತೇಹೋಯಿತು ಅಂದರೂ ಪರವಾಗಿಲ್ಲ, ಮರೆತೆ ಅಂತ ಹೇಳಿ ಮಲಗಿ. ನಾಳೆಗೂ ಅದೇ ಹೆಸರು ಇರಲಿ.

ಭಾನುವಾರದ ಪೂಜೆ ತಪ್ಪಿಸುವುದಿಲ್ಲ ಅಂದಿರಿ, ಸಂತೋಷ. ಶನಿವಾರ ರಾತ್ರಿಯೇ ವಾಚನ ಓದಿಟ್ಟುಕೊಳ್ಳಿ, ಪೂಜೆ ಬೇರೆಯದೇ ಆಗಿ ಕಾಣುತ್ತದೆ. ಕೊನೇ ಆಶೀರ್ವಾದಕ್ಕೆ ಮುಂಚೆ ಸ್ಕೂಟರ್ ತೆಗೆಯಲು ಓಡಬೇಡಿ. ಲ್ಯಾಟಿನ್‌ನಲ್ಲಿ ಪೂಜೆಗೆ ಮಿಸ್ಸಾ ಅನ್ನುವ ಹೆಸರು ಬಂದಿದ್ದೇ "ಹೋಗಿ" ಅಂತ ಕಳಿಸಿಕೊಡುವ ಆ ಕೊನೇ ಮಾತಿನಿಂದ. ಕಳಿಸುವ ಮುಂಚೆಯೇ ಹೊರಟವನಿಗೆ ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗಬೇಕು? ಚರ್ಚಿನ ಸ್ವಾಮಿಗಳ ಹತ್ತಿರ ಪಾಪನಿವೇದನೆಗೆ ತಿಂಗಳಿಗೊಮ್ಮೆ ಹೋಗಿ. ಹೋದ ತಿಂಗಳಿನದೇ ಪಾಪ ಮತ್ತೆ ಹೇಳಬೇಕಲ್ಲ ಅಂತ ನಾಚಿಕೆ ಬೇಡ. ಹೊಸ ಹೊಸದು ಬಂದರೆ ಅಲ್ವಾ ಹೆದರಬೇಕಾದ್ದು!

ಈಗ ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವ ವಿಷಯ.

ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾರೆ, ನಿಮ್ಮ ಒಳ್ಳೆಯ ಕೆಲಸಗಳನ್ನು ಜನ ನೋಡುವಂತೆ ನಿಮ್ಮ ಬೆಳಕು ಬೆಳಗಲಿ ಅಂತ. ಪುಟ ತಿರುಗಿಸಿದರೆ ಆರನೇ ಅಧ್ಯಾಯ. ಜನ ನೋಡಲಿ ಅಂತ ಅವರ ಮುಂದೆ ಧರ್ಮಕಾರ್ಯ ಮಾಡಬೇಡಿ, ಜೋಕೆ! ಮಕ್ಕಳು ಪ್ರತಿ ವರ್ಷ ನನ್ನನ್ನು ಇಲ್ಲಿ ಹಿಡಿಯುತ್ತಿದ್ದರು. "ಮಿಸ್, ತೋರಿಸಬೇಕಾ, ಬಚ್ಚಿಡಬೇಕಾ?" ಎರಡೂ ಮಾತು ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತವೆ ನೋಡಿ ಅನ್ನುತ್ತಿದ್ದೆ. ಮೊದಲನೆಯದರಲ್ಲಿ ಜನ ನೋಡಿ ಹೊಗಳುವುದು ಪರಲೋಕದ ತಂದೆಯನ್ನು. ಎರಡನೆಯದರಲ್ಲಿ ಹೊಗಳಿಕೆ ನಮ್ಮ ಜೇಬಿಗೆ. ದೀಪ ಅದೇ, ಯಾರ ಮುಖಕ್ಕೆ ಹಿಡಿದಿದ್ದೀರಿ ಅನ್ನುವುದು ಪ್ರಶ್ನೆ.

ಹಾಗಾದರೆ ಕ್ಯಾಂಟೀನಿನಲ್ಲಿ ಊಟಕ್ಕೆ ಮುಂಚೆ ಶಿಲುಬೆಯ ಗುರುತು ಹಾಕಬೇಕಾ? ಹಾಕಿ. ಮನೆಯಲ್ಲಿ ಹಾಕುವಷ್ಟೇ ಚಿಕ್ಕದಾಗಿ, ಮನೆಯಲ್ಲಿ ಹಾಕುವಷ್ಟೇ ಸಹಜವಾಗಿ. ಪಕ್ಕದವರು ಊಟಕ್ಕೆ ಮುಂಚೆ ಎಲೆ ಸುತ್ತ ನೀರು ಬಿಟ್ಟು ಕೈಮುಗಿದರೆ ನಾವು ಏನಾದರೂ ಅಂದುಕೊಳ್ಳುತ್ತೇವಾ? ಇಲ್ಲ. ನಮ್ಮ ನಾಡಿನಲ್ಲಿ ಅನ್ನಕ್ಕೆ ಕೈಮುಗಿಯುವುದು ಯಾರಿಗೂ ವಿಚಿತ್ರ ಅಲ್ಲ. ಭಯ ನಿಮ್ಮೊಳಗೆ ಇರುವಷ್ಟು ಹೊರಗೆ ಇಲ್ಲ. ಆದರೆ ಒಂದು ಷರತ್ತು. ಕೈಮುಗಿದು ಎದ್ದ ಮೇಲೆ ಟೇಬಲ್ ಒರೆಸುವ ಹುಡುಗನಿಗೆ ರೇಗಿದರೆ, ಶಿಲುಬೆ ಗುರುತು ಹಾಕದೆ ಇದ್ದಿದ್ದರೇ ಯೇಸುವಿಗೆ ಉಪಕಾರ ಆಗುತ್ತಿತ್ತು. ಹೇಳೋದು ಆಚಾರ, ಮಾಡೋದು ಅನಾಚಾರ ಅನ್ನುವ ಗಾದೆ ನಮ್ಮಂಥವರಿಗೇ ಹುಟ್ಟಿದ್ದು.

ಬಿಲ್ಲಿನ ವಿಷಯ. ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ನಿಮ್ಮ ಸಾಕ್ಷಿ ಕೇಕಿನಲ್ಲೂ ಇಲ್ಲ, ಕ್ಯಾಂಟೀನಿನಲ್ಲೂ ಇಲ್ಲ, ಆ ಬಿಲ್ಲಿನಲ್ಲಿ ಇದೆ. ಲೆಕ್ಕಿಗರ ಪಾಲಕ ಸಂತರು ಯಾರು ಗೊತ್ತಲ್ಲ? ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯ. ಸೆಪ್ಟೆಂಬರ್ 21 ಅವರ ಹಬ್ಬ. ಜಕ್ಕಾಯ ಇನ್ನೊಬ್ಬ. ಯೇಸು ಅವನ ಮನೆಗೆ ಊಟಕ್ಕೆ ಹೋದಾಗ ಅವನು ಹಾಡು ಹಾಡಲಿಲ್ಲ, ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಿದ್ದರೆ ನಾಲ್ಕು ಪಟ್ಟು ವಾಪಸ್. ಆಗ ಯೇಸು, ಇವತ್ತು ಈ ಮನೆಗೆ ಉದ್ಧಾರ ಬಂತು ಅಂದರು. ವಿಶ್ವಾಸಕ್ಕೂ ಲೆಡ್ಜರಿಗೂ ಸಂಬಂಧ ಇಲ್ಲ ಅನ್ನುವವರಿಗೆ ಲೂಕನ ಹತ್ತೊಂಬತ್ತನೇ ಅಧ್ಯಾಯ ಓದಿಸಬೇಕು.

ಏನು ಮಾಡಬೇಕು? ಮ್ಯಾನೇಜರಿಗೆ ನೀತಿಪಾಠ ಹೇಳಬೇಡಿ. ಅವರ ಪಾಪ ಎಣಿಸುವ ಕೆಲಸ ನಿಮ್ಮದಲ್ಲ. "ಸರ್, ಇದಕ್ಕೆ ನಾನು ಎಂಟ್ರಿ ಹಾಕೋಕಾಗಲ್ಲ, ಬೇರೆ ಯಾವ ಕೆಲಸ ಇದ್ದರೂ ಕೊಡಿ, ರಾತ್ರಿ ಕೂತು ಮಾಡಿಕೊಡ್ತೀನಿ" ಅನ್ನಿ. ಅಷ್ಟೇ ಮಾತು. ಸುಳ್ಳು ಬಿಲ್ಲು ಜಿಎಸ್‌ಟಿ ಕಾನೂನಿನಲ್ಲೂ ಅಪರಾಧ, ಸಿಕ್ಕಿಬಿದ್ದರೆ ಸಹಿ ನಿಮ್ಮದೇ ಇರುತ್ತದೆ. ಅದನ್ನೂ ಹೇಳಬಹುದು, ತಪ್ಪಿಲ್ಲ. ಏನು ಹೇಳಿದರು, ನೀವು ಏನು ಹೇಳಿದಿರಿ ಅಂತ ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಇದರ ಬೆಲೆ ಏನೂ ಇರುವುದಿಲ್ಲ ಅಂತ ನಾನು ಸುಳ್ಳು ಧೈರ್ಯ ಕೊಡುವುದಿಲ್ಲ. ಬಡ್ತಿ ಹೋಗಬಹುದು. ಕೆಲಸವೂ ಹೋಗಬಹುದು. ಹಾಗಾಗಿ ಈಗಿನಿಂದಲೇ ಬೇರೆ ಕಡೆ ಅರ್ಜಿ ಹಾಕುತ್ತಿರಿ. ಹಾವಿನ ಹಾಗೆ ಜಾಣರಾಗಿ, ಪಾರಿವಾಳದ ಹಾಗೆ ಕಪಟವಿಲ್ಲದವರಾಗಿ ಅಂದವರು ಯೇಸುವೇ. ಇಲ್ಲಿಯವರೆಗೆ ಮಾಡಿಕೊಟ್ಟಿದ್ದು ಏನಾದರೂ ಇದ್ದರೆ, ಅದನ್ನು ಪಾಪನಿವೇದನೆಯಲ್ಲಿ ಸ್ವಾಮಿಗಳ ಹತ್ತಿರ ಬಿಡಿಸಿ ಮಾತಾಡಿ. ನಾನು ದೂರದಿಂದ ತೀರ್ಪು ಕೊಡುವ ವಿಷಯ ಅಲ್ಲ ಅದು. ಮತ್ತೆ, ಒಂದು ವಾರ ಬೆಳಗಿನ ಹೆಸರು ಆ ಮ್ಯಾನೇಜರಿನದೇ ಆಗಿರಲಿ. ಅವರು ಬದಲಾಗುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು "ಆಗಲ್ಲ ಸರ್" ಅನ್ನುವಾಗ ಧ್ವನಿಯಲ್ಲಿ ತಿರಸ್ಕಾರ ಇರುವುದಿಲ್ಲ, ಅಷ್ಟು ಮಾತ್ರ ಗೊತ್ತು.

ಮತಾಂತರದ ಭಯ. ಇದು ಸುಮ್ನೆ ಹುಟ್ಟಿದ ಭಯ ಅಲ್ಲ, ಕಾಲವೇ ಹಾಗಿದೆ. ಆದರೆ ನಮ್ಮ ಧರ್ಮಸಭೆ ಏನು ಹೇಳುತ್ತದೆ ಅಂತ ನಮ್ಮವರಿಗೇ ಗೊತ್ತಿರುವುದಿಲ್ಲ. ಒತ್ತಾಯದಿಂದ, ಆಸೆ ತೋರಿಸಿ, ತಂತ್ರ ಮಾಡಿ ಯಾರನ್ನೂ ವಿಶ್ವಾಸಕ್ಕೆ ಎಳೆಯಬಾರದು ಅಂತ ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಖಂಡಿತವಾಗಿ ಹೇಳಿದೆ. ಧರ್ಮಸಭೆ ಬೆಳೆಯುವುದು ಆಕರ್ಷಣೆಯಿಂದ ಅಂದವರು ಪೋಪ್ ಹದಿನಾರನೇ ಬೆನೆಡಿಕ್ಟ್, 2007ರಲ್ಲಿ. ಕಾಯಿಲೆ ಮಲಗಿದವರ ಕೈಗೆ ಕರಪತ್ರ ತುರುಕುವುದು ನಮ್ಮ ದಾರಿ ಅಲ್ಲ. ಹಣ್ಣು ತಗೊಂಡು ಹೋಗಿ, ಪಕ್ಕದಲ್ಲಿ ಕೂತು ಬನ್ನಿ. ಪ್ರಾರ್ಥಿಸು ಅಂತ ಅವರೇ ಕೇಳಿದರೆ ಪ್ರಾರ್ಥಿಸಿ.

ಕೇಳಿದಾಗ ಮಾತ್ರ ಬಾಯಿ ಮುಚ್ಚಿಕೊಳ್ಳಬೇಡಿ. ಪ್ರೇಷಿತ ಪೇತ್ರರ ಮೊದಲ ಪತ್ರದಲ್ಲಿ ಸರಿಯಾದ ಅಳತೆ ಇದೆ. ನಿಮ್ಮ ನಂಬಿಕೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ವಿನಯದಿಂದ, ಗೌರವದಿಂದ. ಪಕ್ಕದ ಟೇಬಲಿನವರು "ನಿಮ್ಮಲ್ಲಿ ಮರಿಯಮ್ಮನೂ ದೇವರಾ?" ಅಂತ ಕೇಳಬಹುದು. ಅಲ್ಲ, ಅವರು ಯೇಸುವಿನ ತಾಯಿ, ನಮಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಳ್ಳುತ್ತೇವೆ ಅನ್ನಿ. ಎರಡು ವಾಕ್ಯ ಸಾಕು. ಯಾರಿಗೆ ಗೊತ್ತು, ಅವರ ಅಮ್ಮ ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಕಾವಿ ಸೀರೆ ಉಟ್ಟು ಶಿವಾಜಿನಗರದ ಬಸಿಲಿಕಾಕ್ಕೆ ಹರಕೆ ತೀರಿಸಲು ಹೋಗುವವರೇ ಇರಬಹುದು. ಆ ಜಾತ್ರೆಯಲ್ಲಿ ಯಾರು ಕ್ರೈಸ್ತರು ಯಾರು ಅಲ್ಲ ಅಂತ ಸೀರೆ ನೋಡಿ ಹೇಳುವುದಕ್ಕೆ ಆಗುವುದಿಲ್ಲ.

ಸರಿಯಾದ ಹೊತ್ತಿಗೆ ಆಡಿದ ಒಂದು ಮಾತು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಪಕ್ಕದ ಕನ್ಯಾಕುಮಾರಿ ಕಡೆಯ ಒಂದು ಸಂಗತಿ. ನೀಲಕಂಠ ಪಿಳ್ಳೆ ಅಂತ ತಿರುವಾಂಕೂರು ಅರಮನೆಯ ಒಬ್ಬ ಅಧಿಕಾರಿ. 1712ರಲ್ಲಿ ಹುಟ್ಟಿದವರು, ಮದುವೆಯಾದ ಗೃಹಸ್ಥ. ಮನೆಯಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂದು ಕುಗ್ಗಿಹೋಗಿದ್ದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ದೆ ಲನ್ನೋಯ್. 1741ರ ಕೊಳಚಲ್ ಯುದ್ಧದಲ್ಲಿ ಡಚ್ಚರ ಕಡೆಯಿಂದ ಸೆರೆಸಿಕ್ಕು, ಆಮೇಲೆ ರಾಜನ ಸೈನ್ಯಕ್ಕೇ ದುಡಿದವರು. ಈ ಗೆಳೆಯನ ಮುಖ ನೋಡಿ ಏನಾಯಿತು ಅಂತ ಕೇಳಿದರು. ಕೇಳಿಸಿಕೊಂಡು ಯೋಬನ ಕಥೆ ಹೇಳಿದರು. ಎಲ್ಲ ಕಳೆದುಕೊಂಡರೂ ದೇವರ ಕೈ ಬಿಡದ ಯೋಬ. ಅಲ್ಲಿಂದ ಶುರುವಾಗಿ 1745ರಲ್ಲಿ ನೀಲಕಂಠ ಪಿಳ್ಳೆ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದರು. ಜಾತಿಯ ಗೆರೆ ದಾಟಿ ಎಲ್ಲರ ಜೊತೆ ಸರಿಸಮನಾಗಿ ಕೂತರು. 1752ರಲ್ಲಿ ಅವರಿಗೆ ಗುಂಡಿಕ್ಕಿದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಗುರುಗಳೂ ಅಲ್ಲದ ಮಠದವರೂ ಅಲ್ಲದ ಭಾರತೀಯ ಗೃಹಸ್ಥರಲ್ಲಿ ಮೊದಲ ಸಂತ. ನನಗೆ ಇದರಲ್ಲಿ ಹಿಡಿಸುವುದು ಮೊದಲ ಭಾಗ. ಇಬ್ಬರು ನೌಕರರು, ಒಬ್ಬರ ಮುಖ ಬಾಡಿದೆ, ಇನ್ನೊಬ್ಬರು ಅದನ್ನು ಗಮನಿಸಿದರು.

ಅವರ ಜಾತಿಯ ಗೆರೆ ಅಂದೆನಲ್ಲ. ನಮ್ಮ ಚರ್ಚುಗಳ ಒಳಗೂ ಆ ಗೆರೆ ಪೂರ್ತಿ ಅಳಿಸಿಲ್ಲ. ಬೆಂಗಳೂರಿನಲ್ಲಿ ಪೂಜೆ ಯಾವ ಭಾಷೆಯಲ್ಲಿ ಅನ್ನುವ ಜಗಳ ದಶಕಗಳಷ್ಟು ಹಳೆಯದು. ನನಗೂ ಕನ್ನಡ ಪೂಜೆ ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಕೇಳುವ ಹಕ್ಕೂ ನಮಗಿದೆ. ಆದರೆ ಆ ಹಕ್ಕು ಕೇಳುವಾಗ ಪಕ್ಕದ ಬೆಂಚಿನ ತಮಿಳು ಅಜ್ಜಿಯ ಹೆಸರು ಒಂದು ಬೆಳಿಗ್ಗೆಯಾದರೂ ನಮ್ಮ ಕೈಯಲ್ಲಿ ಇತ್ತಾ? ಆಫೀಸಿನಲ್ಲಿ ಸಾಕ್ಷಿ ಹೇಗೆ ಅಂತ ಕೇಳುವ ಹುಡುಗರು ಇದನ್ನು ಕೇಳುವುದಿಲ್ಲ ಅಂತ ನನಗೆ ಸ್ವಲ್ಪ ಸಿಟ್ಟಿದೆ.

ಮನೆಯ ವಿಷಯ ನೀವು ಬರೆದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡಿ. ಅಪ್ಪ ಅಮ್ಮನಿಗೆ ವಾರಕ್ಕೆ ಎಷ್ಟು ಸಲ ಫೋನ್ ಮಾಡುತ್ತೀರಿ? ಹಣ ಕಳಿಸುವ ದಿನ ಬಿಟ್ಟು ಬೇರೆ ದಿನವೂ ಮಾಡುತ್ತೀರಾ? ಇಷ್ಟೇ ಕೇಳಿ ಬಿಡುತ್ತೇನೆ.

ಪಿಜಿಯ ವಿಷಯದಲ್ಲಿ ಚಿಕ್ಕ ತೆರೇಸಾರನ್ನು ಇನ್ನೊಮ್ಮೆ ಕರೆಯುತ್ತೇನೆ. ಅವರ ಮಠದಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರ ಮಾತು, ನಡೆ, ಏನು ಕಂಡರೂ ತೆರೇಸಾಗೆ ಆಗುತ್ತಿರಲಿಲ್ಲ. ಅದಕ್ಕೇ ಅವರಿಗಾಗಿ ಪ್ರಾರ್ಥಿಸಿದರು, ಎದುರಾದಾಗಲೆಲ್ಲ ನಕ್ಕರು, ಕೆಲಸಕ್ಕೆ ಕೈಜೋಡಿಸಿದರು. ಕೊನೆಗೆ ಆ ಸಿಸ್ಟರೇ, "ನನ್ನಲ್ಲಿ ನಿನಗೆ ಅಷ್ಟು ಇಷ್ಟವಾಗುವುದು ಏನು?" ಅಂತ ಕೇಳಿದರಂತೆ! ಹದಿನೈದನೇ ವಯಸ್ಸಿಗೆ ಆ ಮಠದ ಬಾಗಿಲು ಹೊಕ್ಕವರು 24ಕ್ಕೆ ಅಲ್ಲೇ ತೀರಿಕೊಂಡರು. ಎಲ್ಲೂ ಪ್ರಚಾರಕ್ಕೆ ಹೋದವರಲ್ಲ. 1927ರಲ್ಲಿ ಅವರನ್ನೇ ಮಿಷನ್‌ಗಳ ಪಾಲಕ ಸಂತೆ ಅಂತ ಘೋಷಿಸಿದರು. ನಿಮ್ಮ ಕೋಣೆಯಲ್ಲಿ ರಾತ್ರಿ ಒಂದು ಗಂಟೆಗೆ ಜೋರಾಗಿ ಫೋನಿನಲ್ಲಿ ಮಾತಾಡುವವನು ಒಬ್ಬ ಇದ್ದೇ ಇರುತ್ತಾನೆ. ಅವನ ಹೆಸರು ಬರೆದುಕೊಳ್ಳಿ.

ಒಬ್ಬರೇ ಇದನ್ನೆಲ್ಲ ಮಾಡಲಿಕ್ಕೆ ಹೋದರೆ ದಣಿಯುತ್ತೀರಿ. ಜೊತೆ ಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಒಜಾನಾಮ್ ಅನ್ನುವ 20 ವರ್ಷದ ವಿದ್ಯಾರ್ಥಿ ಧರ್ಮಸಭೆಯ ಪರವಾಗಿ ಚರ್ಚೆ ಮಾಡುತ್ತಿದ್ದ. ಎದುರಾಳಿ ಕೇಳಿದ, ಹಿಂದಿನದೆಲ್ಲ ಇರಲಿ, ಈಗ ನೀವು ಬಡವರಿಗೆ ಏನು ಮಾಡುತ್ತಿದ್ದೀರಿ ಅಂತ. ಒಜಾನಾಮ್ ಚರ್ಚೆ ಮುಂದುವರಿಸಲಿಲ್ಲ. ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗೆ ಹೊರಟ. ಅದೇ ಸಂತ ವಿನ್ಸೆಂಟ್ ದೆ ಪಾಲ್ ಸಭೆ. ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಇವತ್ತಿಗೂ ಇದೆ. ಬಹಳ ಕಡೆ ತಲೆ ನರೆತವರೇ ನಡೆಸುತ್ತಿದ್ದಾರೆ, ಲೆಕ್ಕಪುಸ್ತಕ ಬರೆಯುವ ಒಬ್ಬ ಹುಡುಗ ಬಂದರೆ ಕೈಮುಗಿದು ಒಳಗೆ ಕರೆದುಕೊಳ್ಳುತ್ತಾರೆ. ಪದ್ಧತಿ ಸರಳ. ಸೇರಿ ಪ್ರಾರ್ಥನೆ, ಆಮೇಲೆ ಇಬ್ಬಿಬ್ಬರಾಗಿ ಮನೆ ಭೇಟಿ. ಪ್ರಾರ್ಥನೆ, ಹೆಸರು, ಬಾಗಿಲು. ಈ ಭಾನುವಾರ ಪೂಜೆ ಆದ ಮೇಲೆ ಸ್ವಾಮಿಗಳನ್ನು ವಿಚಾರಿಸಿ.

ಕೊನೆಗೆ ಅಜ್ಜಿಯ ಜಪಸರ. ಆಶೀರ್ವದಿಸಿದ ವಸ್ತುವನ್ನು ಕಸಕ್ಕೆ ಹಾಕುವುದಿಲ್ಲ. ಇನ್ನು ಬಳಸಲು ಸಾಧ್ಯವೇ ಇಲ್ಲ ಅನ್ನುವಂತಾದರೆ ಸುಡುತ್ತಾರೆ ಅಥವಾ ಮಣ್ಣಿನಲ್ಲಿ ಹೂಳುತ್ತಾರೆ. ಆದರೆ ನಿಮ್ಮದು ಬರೀ ಕೊಂಡಿ ಕಿತ್ತಿದ್ದು. ಚೂಪು ಮೂತಿಯ ಸಣ್ಣ ಇಕ್ಕಳ ಇದ್ದರೆ ನೀವೇ ಬಾಗಿಸಿ ಸೇರಿಸಬಹುದು. ಕೊಂಡಿಯನ್ನು ಉದ್ದಕ್ಕೆ ಎಳೆದು ಬಿಡಿಸಬೇಡಿ, ಪಕ್ಕಕ್ಕೆ ತಿರುಚಿ ಬಿಡಿಸಿ, ಹಾಗೇ ತಿರುಚಿ ಮುಚ್ಚಿ. ಆಗ ಉಂಗುರದ ಆಕಾರ ಕೆಡುವುದಿಲ್ಲ. ತಂತಿ ತೀರಾ ಸವೆದಿದ್ದರೆ ಚರ್ಚಿನ ಹೊರಗೆ ಜಪಸರ ಮಾರುವವರನ್ನು ಕೇಳಿ ನೋಡಿ. ಮಣಿಗಳನ್ನು ಮೊದಲು ಎಣಿಸಿಕೊಳ್ಳಿ. ಒಂದೆರಡು ಕಳೆದುಹೋಗಿದ್ದರೆ ಬೇರೆ ಬಣ್ಣದ್ದು ಹಾಕಿದರೂ ನಡೆಯುತ್ತದೆ. ನನ್ನದರಲ್ಲಿ ಮೂರು ನೀಲಿ ಮಣಿ ಇವೆ, ಉಳಿದದ್ದೆಲ್ಲ ಕಂದು. ನೀಲಿ ಮೂರೂ ನನ್ನ ಓರಗಿತ್ತಿಯ ಹಳೇ ಸರದ್ದು.